ಕನ್ಯಾ ನೋಡಲು ಬಂದವರು ಕೇಳಿದ ಪ್ರಶ್ನೆ

ಹಮ್ಮಿಗಿಯ ನಮ್ಮ ಮನೆಗೆ ಶಿರಹಟ್ಟಿಯವರು ಕನ್ಯಾ ನೋಡಲು ಬರುವ ಮೊದಲೇ ಅಪ್ಪ ಫೋನಿನಲ್ಲಿ ಹೇಳಿಬಿಟ್ಟಿದ್ದರು, "ನಮ್ಮ ಹುಡುಗಿ ಮುಂಡರಗ್ಯಾಗ ಇಂಗ್ಲಿಷ್ ಕಲಿಸ್ತಾಳ್ರಿ" ಎಂದು. ಹೊಲದ ಮಾತಿಲ್ಲ, ಮನೆತನದ ಮಾತಿಲ್ಲ. ಅಪ್ಪನಿಗೆ ನನ್ನ ಇಂಗ್ಲಿಷೇ ದೊಡ್ಡ ಹೆಮ್ಮೆ.

ಆ ಇಂಗ್ಲಿಷಿನ ಬಂಡವಾಳ ನನಗೊಬ್ಬಳಿಗೇ ಗೊತ್ತು. ಖಾಸಗಿ ಶಾಲೆಯೊಂದರಲ್ಲಿ ಎಂಟನೆಯ ತರಗತಿಗೆ ವ್ಯಾಕರಣ ಹೇಳುತ್ತಿದ್ದೆ. ಹೇಳುವುದೆಂದರೆ ಒದರಿಸುವುದು. ಹ್ಯಾವ್ ಬಂದರೆ ಪ್ರೆಸೆಂಟ್ ಪರ್ಫೆಕ್ಟ್, ಹ್ಯಾಡ್ ಬಂದರೆ ಪಾಸ್ಟ್ ಪರ್ಫೆಕ್ಟ್ ಎಂದು ನಾನು ಒದರಬೇಕು, ಮಕ್ಕಳು ನನ್ನ ಹಿಂದೆ ಒದರಬೇಕು. ಯಾವುದನ್ನು ಯಾವಾಗ ಹೇಳಬೇಕು, ಯಾಕೆ ಎಂದು ಯಾರಾದರೂ ಕೈಯೆತ್ತಿದರೆ ಜೋರು ಮಾಡಿ ಕೂರಿಸುತ್ತಿದ್ದೆ. ನನಗೆ ಕಲಿಸಿದವರೂ ಹಾಗೇ ಕೂರಿಸಿದ್ದರು.

ನಾನು ಮಣೆಯ ಮೇಲೆ ಕುಳಿತಾಗ ಹುಡುಗನ ದೊಡ್ಡಪ್ಪ, ರಿಟೈರ್ ಆದ ಹೆಡ್‌ಮಾಸ್ತರರು, ಹೆಸರು ಕೇಳಲಿಲ್ಲ, ಅಡುಗೆ ಬರುತ್ತದೆಯೇ ಎಂದು ಕೇಳಲಿಲ್ಲ.

"ಯವ್ವಾ, ಪ್ರೆಸೆಂಟ್ ಪರ್ಫೆಕ್ಟಿಗೂ ಪಾಸ್ಟ್ ಪರ್ಫೆಕ್ಟಿಗೂ ಏನ್ ಫರಕ ಐತಿ? ತಿಳಿಯೂಹಂಗ ಹೇಳು."

ಹ್ಯಾವ್, ಹ್ಯಾಡ್ ಎರಡೂ ನಾಲಿಗೆಯ ಮೇಲಿದ್ದವು. ಫರಕು ಮಾತ್ರ ಗೊತ್ತಿರಲಿಲ್ಲ. ಸೆರಗಿನ ಅಂಚು ನೋಡುತ್ತ ಕುಳಿತೆ. ಅಪ್ಪ ತಡೆಯಲಾರದೆ ನಡುವೆ ಬಾಯಿ ಹಾಕಿದರು.

"ಬರ್ತೈತ್ರಿ ಅಕೀಗೆ. ಹಿರ್ಯಾರ ಮುಂದ ನಾಚಿಕಿ."

ಹುಡುಗನ ತಾಯಿಯ ಮುಖ ಅರಳಿತು. "ಈಗಿನ ಕಾಲದಾಗ ಇಷ್ಟ ಮರ್ಯಾದಿ ಎಲ್ಲೈತ್ರಿ!" ಎಂದರು. ಕನ್ಯಾ ನೋಡುವಾಗ ಹುಡುಗಿ ಬಾಯಿ ಬಿಡದಿದ್ದರೆ ನಮ್ಮಲ್ಲಿ ಅದು ಗುಣ. ನನ್ನ ದಡ್ಡತನವೂ ಅದರಲ್ಲೇ ಪಾಸಾಯಿತು.

ಕೊನೆಗೆ ದೊಡ್ಡಪ್ಪ ತಾವೇ ಬಿಡಿಸಿ ಹೇಳಿದರು.

"ನಾವು ಬಂದೇವಿ ಅಂದ್ರ ಇನ್ನೂ ನಿಮ್ಮ ಮನ್ಯಾಗ ಕುಂತೇವಿ. ಬಂದದ್ದು ಈಗೂ ಕಣ್ಣ ಮುಂದ ಐತಿ. ಅದು ಪ್ರೆಸೆಂಟ್ ಪರ್ಫೆಕ್ಟ್. ನಾವು ಬರೂದ್ರಾಗ ನೀವು ಉಪ್ಪಿಟ್ಟು ಮಾಡಿ ಇಟ್ಟಿದ್ರಿ. ನಾವು ಬಂದದ್ದು, ನೀವು ಮಾಡಿದ್ದು ಎರಡೂ ಮುಗದ ಮಾತು, ಆದ್ರ ಉಪ್ಪಿಟ್ಟು ಮೊದಲಿಂದು. ಅದು ಪಾಸ್ಟ್ ಪರ್ಫೆಕ್ಟ್. ಹೌದಲ್ಲಬೇ?"

ಎಲ್ಲರೂ ನಕ್ಕರು. ನನಗೆ ಜೀವನದಲ್ಲಿ ಮೊದಲ ಸಲ ಅದು ತಿಳಿಯಿತು. ಇಷ್ಟೇ ಇತ್ತು! ಇಷ್ಟು ಗೊತ್ತಿಲ್ಲದೆ ಮಕ್ಕಳ ಮುಂದೆ ಕೋಲು ಹಿಡಿದು ನಿಂತಿದ್ದೆ. ಆದರೂ ಮೊದಲೇ ಗೊತ್ತಿದ್ದವಳಂತೆ ತಲೆಯಾಡಿಸಿದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಿಂದ ಹಿಡಿಯಷ್ಟಾಗುತ್ತೇನೆ.

ಅವರು ಒಪ್ಪಿಗೆಯಾಗಿದೆ ಎಂದು ಹೇಳಿಯೇ ಕಾರು ಹತ್ತಿದರು. ಅವ್ವ ಖುಷಿಯಿಂದ ತವರಿಗೆ ಫೋನು ಹಚ್ಚಿದಳು. ಅಪ್ಪ ನನ್ನ ಹತ್ತಿರ ಬಂದು ಕುಳಿತರು.

"ಖರೇನ ನಾಚಿಕಿ ಆಗಿತ್ತೇನು?"

"ಇಲ್ಲಪ್ಪಾ. ನನಗ ಬರ್ತಿರಲಿಲ್ಲ."

ಅಪ್ಪ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಟವೆಲಿನಿಂದ ಮುಖ ಒರೆಸಿಕೊಂಡರು.

"ನಿನ್ನ ಮಾರಿ ನೋಡೇ ಗೊತ್ತಾತು. ನಾಕ ಮಂದ್ಯಾಗ ಸುಳ್ಳ ಹೇಳೇನಿ, ಇರ್ಲಿ ಬಿಡು, ನಿನ್ನ ಸಲುವಾಗಿ ಹೇಳೇನಿ" ಎಂದರು. ಟವೆಲನ್ನು ಹೆಗಲಿಗೆ ಹಾಕಿಕೊಂಡು ಮೆಲ್ಲಗೆ ಕೇಳಿದರು, "ಆದ್ರ ನಿನ್ನ ಸಾಲಿ ಹುಡುಗ್ರ ಅಪ್ಪಂದಿರೂ ನನ್ನಂಗ ಮಂದಿ ಮುಂದ ಹೇಳ್ಕೊಂತ ತಿರಗತಿರಬೇಕಲ್ಲ, ನಮ್ಮ ಮಕ್ಕಳು ಇಂಗ್ಲಿಷ್ ಕಲಿಯಾಕತ್ತಾರ ಅಂತ?"