ಉಸಿರು ಕೇಳುತ್ತಿದ್ದ ಲೂಸಿ ಬಾಯಿ

ನಾವು ನಿದ್ರಿಸುವಾಗಲೂ ತಾನು ನಿದ್ರಿಸದೆ ಎದೆಯೊಳಗಿನ ಈ ಬಡಿತವನ್ನು ನಡೆಸಿಕೊಂಡು ಬರುವ ಸ್ವಾಮಿಗೆ ಮೊದಲ ನಮಸ್ಕಾರ. ಆ ಬಡಿತ ಹಾದಿ ತಪ್ಪಿದ ಕಾಲದಲ್ಲಿ ಆತ ನನಗೆ ದೊರಕಿಸಿಕೊಟ್ಟ ಲೂಸಿ ಬಾಯಿಗೆ ಎರಡನೆಯ ನಮಸ್ಕಾರ.

ಲೂಸಿ ಬಾಯಿ ಪ್ರಶ್ನೆ ಕೇಳುತ್ತಿದ್ದರು, ಆದರೆ ಉತ್ತರವನ್ನು ಕೇಳಿಸಿಕೊಳ್ಳುತ್ತಿರಲಿಲ್ಲ. ಮುಂಜಾನೆ ಜೊತೆಯಾಗಿ ನಡೆಯುವಾಗ, "ಭಟ್ರೇ, ನಿನ್ನೆ ಮನೆಯಲ್ಲಿ ಎಂತ ಪದಾರ್ಥ?" ಎನ್ನುವರು. ನಾನು ಸೌತೆಕಾಯಿಯಿಂದ ಆರಂಭಿಸಿ ಒಗ್ಗರಣೆಯವರೆಗೆ ವರ್ಣಿಸಿದರೆ, "ತೆಂಗಿನಕಾಯಿ ಹತ್ರ ಉಸಿರು ತುಂಡಾಯ್ತು. ಮೆಲ್ಲ ನಡೀರಿ" ಎನ್ನುವರು. ಅಡುಗೆಯ ವಿಷಯ ಅವರಿಗೆ ಬೇಕಾಗಿರಲಿಲ್ಲ. ಮಾತು ಎಲ್ಲಿ ತುಂಡಾಗುತ್ತದೆ ಎಂಬುದಷ್ಟೇ ಬೇಕಾಗಿತ್ತು.

ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಹೃದ್ರೋಗಿಗಳಿಗೆ ವ್ಯಾಯಾಮ ಕಲಿಸುವ ಫಿಸಿಯೋಥೆರಪಿಸ್ಟ್ ಆಗಿ ದುಡಿದು, ನಿವೃತ್ತಿಯ ನಂತರ ಅವರು ಬೋವಿಕಾನದ ತವರುಮನೆಗೆ ಮರಳಿದ್ದರು. ಸೀರೆಯ ಕೆಳಗೆ ಬಿಳಿಯ ಕ್ಯಾನ್ವಾಸ್ ಬೂಟು, ಕೊರಳಲ್ಲಿ ಪುಟ್ಟ ಶಿಲುಬೆ, ಕೈಯಲ್ಲಿ ನಾಯಿಗಳನ್ನು ಬೆದರಿಸಲೆಂದು ಒಂದು ಮಡಚಿದ ಕೊಡೆ. ಊರಿನ ನಾಯಿಗಳೆಲ್ಲ ಅವರ ಸ್ನೇಹಿತರಾಗಿದ್ದುದರಿಂದ ಆ ಕೊಡೆ ಹೆಚ್ಚಾಗಿ ನನ್ನ ವೇಗವನ್ನು ತಡೆಯಲು ಅಡ್ಡ ಬರುತ್ತಿತ್ತು.

ಅಡೂರಿನ ಕಡೆಗಿರುವ ನಮ್ಮ ಊರ ದೇವಸ್ಥಾನದ ಉತ್ಸವದಲ್ಲಿ ದೇವರ ಬಲಿಮೂರ್ತಿಯನ್ನು ತಲೆಯ ಮೇಲೆ ಹೊತ್ತು, ಚೆಂಡೆಯ ಗತಿಗೆ ಹೆಜ್ಜೆಯಿಟ್ಟು, ಮೊದಲು ನಿಧಾನವಾಗಿ ಕೊನೆಗೆ ವೇಗವಾಗಿ ಅಂಗಳ ಸುತ್ತುವುದು ನಮ್ಮ ಮನೆತನಕ್ಕೆ ಬಂದ ಸೇವೆ. ತಂದೆಯವರ ನಂತರ ಅದು ನನ್ನದಾಗಿತ್ತು. ಹೃದಯದ ನಾಳ ಕಟ್ಟಿಕೊಂಡು ಸ್ಟೆಂಟ್ ಹಾಕಿಸಿಕೊಂಡ ವರ್ಷ, ಮೆಟ್ಟಿಲು ಹತ್ತಿದರೂ ಎದೆ ಓಡತೊಡಗಿತು. ನಡೆಯಬೇಕು, ಆದರೆ ಬಡಿತ ಒಂದು ಮಿತಿಯನ್ನು ದಾಟಬಾರದು ಎಂದು ವೈದ್ಯರು ವಿಧಿಸಿದರು. ಮಗಳು ಬಡಿತ ಎಣಿಸುವ ವಾಚು ತಂದು ಕಟ್ಟಿದಳು. ಅಂಕಿ ಏರಿದ್ದನ್ನು ಕಂಡು ನನಗೆ ಭಯ, ಆ ಭಯಕ್ಕೆ ಅಂಕಿ ಇನ್ನಷ್ಟು ಏರುವುದು. ಕೊನೆಗೆ ನಡೆಯುವುದನ್ನೇ ಬಿಟ್ಟು ಕುರ್ಚಿ ಹಿಡಿದೆ. ಉತ್ಸವಕ್ಕೆ ಕೆಲವೇ ತಿಂಗಳುಗಳಿದ್ದವು. ಸೇವೆಯನ್ನು ತಮ್ಮನ ಮಗನಿಗೆ ಒಪ್ಪಿಸುವ ಮೊದಲು ಇನ್ನೊಮ್ಮೆ ದೇವರನ್ನು ಹೊರಬೇಕು, ಹೊತ್ತು ಜೀವಸಹಿತ ಕೆಳಗಿಳಿಸಬೇಕು. ನನ್ನ ಆಸೆ ಇಷ್ಟೇ.

ಮಗಳೇ ನನ್ನನ್ನು ಲೂಸಿ ಬಾಯಿಯ ಮನೆಗೆ ಕರೆದೊಯ್ದಳು. ಅವರು ವೈದ್ಯರ ಚೀಟಿಯನ್ನು ಓದಿ ಹೇಳಿದರು: "ವಾಚು ಇರ್ಲಿ, ಅದನ್ನೇ ನೋಡ್ತಾ ನಡೀಬೇಡಿ. ನೀವು ತಿನ್ನುವ ಮಾತ್ರೆ ಬಡಿತವನ್ನು ಹಿಡಿದಿಡ್ತದೆ. ಅಂಕಿ ಕಡಿಮೆ ಉಂಟು ಅಂತ ಓಡ್ಲಿಕ್ಕೆ ಇಲ್ಲ. ಮಾತಾಡ್ತಾ ನಡೀಲಿಕ್ಕೆ ಆಗ್ಬೇಕು. ಎದೆ ಬಿಗಿದ್ರೆ, ತಲೆ ತಿರುಗಿದ್ರೆ ಅಲ್ಲೇ ನಿಲ್ಲಿ, ನಾಚಿಕೆ ಬೇಡ."

ದಿನವೂ ಮುಂಜಾನೆ ಬೋವಿಕಾನಕ್ಕೆ ಹೋಗಿ ಅವರ ಜೊತೆ ನಡೆಯುವುದೆಂದಾಯಿತು. ಮಾತಿಗಿಂತ ಮಂತ್ರ ಉತ್ತಮವೆಂದು ನಾನು ಸೂಕ್ತ ಪಠಿಸುತ್ತಾ ನಡೆಯತೊಡಗಿದೆ. ಒಂದು ವಾರ ನನ್ನ ಸ್ವರ ಎಲ್ಲಿಯೂ ತುಂಡಾಗಲಿಲ್ಲ. ವೇಗವನ್ನು ಹೆಚ್ಚಿಸಿದೆ, ಆಗಲೂ ತುಂಡಾಗಲಿಲ್ಲ. ಒಂದು ಬೆಳಿಗ್ಗೆ ಏರಿನಲ್ಲಿ ಅವರು ಥಟ್ಟನೆ ನನ್ನ ಮಣಿಕಟ್ಟನ್ನು ಹಿಡಿದು ನಿಂತರು. ನನ್ನ ಪಠಣ ಸುಗಮವಾಗಿ ಸಾಗುತ್ತಿತ್ತು, ನಾಡಿ ಮಾತ್ರ ನಾಗಾಲೋಟದಲ್ಲಿತ್ತು.

"ಇದೆಂತ ಭಟ್ರೇ? ಒಳಗೆ ಹೀಗೆ ಓಡ್ತಾ ಉಂಟು, ಬಾಯಿಯಲ್ಲಿ ಗೊತ್ತೇ ಆಗುದಿಲ್ಲ?"

ಬಾಲ್ಯದಲ್ಲಿ ಗುರುಗಳು ನಮಗೆ ಕಲಿಸಿದ್ದೇ ಅದು ಎಂದೆ. ಉಸಿರು ತೆಗೆದುಕೊಂಡದ್ದು ಕೇಳುವವನಿಗೆ ತಿಳಿಯಬಾರದು. ತಿಳಿದರೆ ತೊಡೆಗೆ ಏಟು.

"ನಿಮ್ಮ ಗುರುಗಳು ನನ್ನ ಪೇಷಂಟಾಗಿದ್ರೆ ನಾನು ಅವರಿಗೆ ಕೊಡ್ತಿದ್ದೆ ಏಟು. ನಾಳೆಯಿಂದ ಮಂತ್ರ ಮನೆಯಲ್ಲಿ ಕೂತು ಹೇಳಿ. ಇಲ್ಲಿ ಊರ ಸುದ್ದಿ ಸಾಕು."

ಪದಾರ್ಥದ ಪ್ರಶ್ನೆ ಆರಂಭವಾದದ್ದು ಮರುದಿನದಿಂದ. ಮೊದಲು ಮೆಲ್ಲನೆ ನಡೆದು ಮೈ ಕಾಯಿಸಿ, ಬಳಿಕ ತುಸು ಚುರುಕಾಗಿ, ಕೊನೆಗೆ ಮತ್ತೆ ಮೆಲ್ಲನೆ. ಒಮ್ಮೆಲೇ ನಿಂತುಬಿಡುವುದನ್ನು ಅವರು ಒಪ್ಪುತ್ತಿರಲಿಲ್ಲ. "ಬಸ್ಸು ಕೂಡ ಮೆಲ್ಲ ಮಾಡಿಯೇ ನಿಲ್ಲುದಲ್ವಾ" ಎನ್ನುವರು. ತಿಂಗಳುಗಳು ಕಳೆದಂತೆ ಅದೇ ಏರನ್ನು ನಾನು ಮನೆಯ ಸುದ್ದಿ ಹೇಳುತ್ತಲೇ ಹತ್ತಿದೆ. ಉತ್ಸವದ ಮೊದಲು ಅವರೇ ನನ್ನನ್ನು ವೈದ್ಯರ ಬಳಿಗೆ ಕರೆದೊಯ್ದರು. ಟ್ರೆಡ್‌ಮಿಲ್ಲಿನ ಮೇಲೆ ನಡೆಸಿ ಪರೀಕ್ಷಿಸಿದ ವೈದ್ಯರು, ನಿಧಾನದ ಸುತ್ತುಗಳಾದರೆ ಅಡ್ಡಿಯಿಲ್ಲ, ವೇಗದ ಕೊನೆಯ ಸುತ್ತು ಖಂಡಿತ ಕೂಡದು ಎಂದರು. ನಾನು ತಲೆಯಾಡಿಸಿದೆ. ಲೂಸಿ ಬಾಯಿ ನನ್ನನ್ನೇ ದಿಟ್ಟಿಸಿ ನೋಡಿದರು.

ಉತ್ಸವದ ಸಂಜೆ ಅವರು ಹೊರಗಿನ ಪೌಳಿಯಾಚೆ, ದಾರಿಯ ಬದಿಯಲ್ಲಿ ನಿಂತಿದ್ದರಂತೆ. ತಲೆಯ ಮೇಲೆ ದೇವರಿರುವಾಗ ನನಗೆ ಬೇರೇನೂ ಕಾಣುತ್ತಿರಲಿಲ್ಲ. ನಿಧಾನದ ಸುತ್ತುಗಳು ಸುಖವಾಗಿ ಮುಗಿದವು. ಅಲ್ಲಿಗೆ ನಾನು ದೇವರನ್ನು ಒಳಗೆ ಕೊಂಡೊಯ್ಯಬೇಕಿತ್ತು. ಕಾಲು ಒಪ್ಪಲಿಲ್ಲ. ಮತ್ತೊಂದು ಸುತ್ತಿಗೆ ತಿರುಗಿದೆ. ಚೆಂಡೆ ನನ್ನನ್ನು ಅನುಸರಿಸಿ ಚುರುಕಾಯಿತು. ನಾಲಿಗೆಯ ಮೇಲೆ ಮಂತ್ರ ಅಖಂಡವಾಗಿ ಹರಿಯುತ್ತಲೇ ಇತ್ತು. ಅರ್ಧ ಸುತ್ತು ಕಳೆಯುವಷ್ಟರಲ್ಲಿ ಚೆಂಡೆಯ ಗತಿ ತಾನಾಗಿ ಇಳಿಯಿತು. ಇನ್ನೂ ಇಳಿಯಿತು. ಗತಿ ಇಳಿದ ಮೇಲೆ ಕುಣಿಯುವುದೆಂತು? ಹೆಜ್ಜೆ ನಡಿಗೆಯಾಯಿತು, ನಡಿಗೆ ನನ್ನನ್ನು ಮೆಲ್ಲನೆ ಒಳಬಾಗಿಲಿಗೆ ತಂದಿತು. ದೇವರನ್ನು ಇಳಿಸಿ ಕಂಬಕ್ಕೊರಗಿದಾಗಲಷ್ಟೇ ಎದೆ ಎಷ್ಟು ಬಿಗಿದಿದೆ ಎಂದು ನನಗೆ ಅರಿವಾಯಿತು. ಬಿಗಿತ ಸಡಿಲುವವರೆಗೂ ಮಗಳು ಪಕ್ಕದಲ್ಲಿ ಕುಳಿತಿದ್ದಳು. ಆ ಕೂಡಲೇ ವೈದ್ಯರಲ್ಲಿಗೆ ಕರೆದೊಯ್ದಳು. ಅಪಾಯವಿಲ್ಲವೆಂದರು. ಬೈದರು ಕೂಡ.

ಸ್ವಾಮಿಯೇ ಚೆಂಡೆಯವರ ಕೈಯನ್ನು ಹಿಡಿದನೆಂದು ನಂಬಿದ್ದೆ. ಮರುದಿನ ಚೆಂಡೆಯ ಗೋವಿಂದ ಮಾರಾರ್ ನಕ್ಕರು. "ಲೂಸಿ ಚೇಚಿ ಮೊದಲೇ ಬಂದು ಹೇಳಿದ್ರು ಭಟ್ರೇ. ಭಟ್ರ ಬಾಯಿ ನೋಡ್ಬೇಡಿ, ಅದು ಸುಳ್ಳು ಹೇಳ್ತದೆ. ಕುತ್ತಿಗೆಯ ಬುಡದ ಗುಳಿ ನೋಡಿ, ಅದು ಒಳಗೆ ಎಳೀಲಿಕ್ಕೆ ಶುರುವಾದ್ರೆ ಕೋಲು ಮೆಲ್ಲ ಮಾಡಿ ಅಂತ."

ನನ್ನ ನಂಬಿಕೆ ಅದರಿಂದ ಕದಲಲಿಲ್ಲ. ಸ್ವಾಮಿ ಯಾರ ಮೂಲಕ ಬಂದನೆಂಬುದು ತಿಳಿಯಿತು, ಅಷ್ಟೆ. ಬಾಳೆಹಣ್ಣಿನ ಪ್ರಸಾದ ಹಿಡಿದು ಬೋವಿಕಾನಕ್ಕೆ ಹೋದೆ. ಲೂಸಿ ಬಾಯಿ ಅದನ್ನು ಎರಡೂ ಕೈಗಳಿಂದ ಪಡೆದು ಏಸುವಿನ ಚಿತ್ರದ ಮುಂದಿಟ್ಟರು.

"ಗುಳಿಯ ವಿಷಯ ನನಗೇಕೆ ಹೇಳಲಿಲ್ಲ ಬಾಯಿ?"

"ಹೇಳಿದ್ರೆ ನೀವು ಅದನ್ನೂ ಅಡಗಿಸ್ಲಿಕ್ಕೆ ಕಲೀತಿದ್ರಿ."

ನಾನು ತಲೆತಗ್ಗಿಸಿದೆ. ಬಳಿಕ, ಬರುವ ವರ್ಷದಿಂದ ತಮ್ಮನ ಮಗ ಹೊರುತ್ತಾನೆ ಎಂದೆ. ಅವರು ಒಳಗೆ ಹೋಗಿ, ಸಕ್ಕರೆ ಹಾಕದ ಚಹಾ ತಂದುಕೊಟ್ಟರು.

ಅದೇ ಕೊನೆಯ ಭೇಟಿ. ಆ ಮಳೆಗಾಲದಲ್ಲಿ ಮಂಗಳೂರಿನಲ್ಲಿ ತಮ್ಮ ಮಗಳ ಮನೆಯಲ್ಲಿ, ನಿದ್ರೆಯಲ್ಲಿಯೇ, ಲೂಸಿ ಬಾಯಿ ದೈವಾಧೀನರಾದರು. ಇಗರ್ಜಿಯ ಅಂಗಳದಲ್ಲಿ ಅವರ ಜನರ ನಡುವೆ ನಾನೂ ನಿಂತು ಒಂದು ಹಿಡಿ ಮಣ್ಣು ಹಾಕಿ ಬಂದೆ.

ಮಾರಾರರ ಕೈಗೆ ಕಸುವಿರಲಿ. ವೈದ್ಯರಿಗೂ ನನ್ನ ಮಗಳಿಗೂ ಆಯುಸ್ಸು ದೀರ್ಘವಾಗಲಿ. ಈಗ ದೇವರನ್ನು ಹೊರುವವನ ಹೆಜ್ಜೆ ತಪ್ಪದಿರಲಿ, ದಣಿದಾಗ ದಣಿವನ್ನು ಒಪ್ಪಿಕೊಳ್ಳುವ ವಿನಯ ಅವನಿಗಿರಲಿ. ಲೂಸಿ ಬಾಯಿಗೆ ಅವರ ಸ್ವಾಮಿಯ ಸನ್ನಿಧಿಯಲ್ಲಿ ಶಾಂತಿಯಿರಲಿ.