ಬಂಗಲೆಯ ಐವರಿಗೆ ಹಾರ

ಇಸವಿ ಎರಡು ಸಾವಿರ ದಾಟಿ ಏಳೆಂಟು ವರ್ಷವಾಗಿತ್ತು. ಗಂಡನ ವಿಮಾನ ಎಂಜಿನ್ ಕೆಲಸದ ಬಾಲ ಹಿಡಿದು ಸ್ವೀಡನ್ನಿನ ಟ್ರೋಲ್‌ಹೆಟ್ಟನ್‌ಗೆ ಬಂದ ನಾನು, ಎರಡು ವರ್ಷ ಮನೆಯಲ್ಲೇ ಕೂತು, ಕಲಿತ ಸ್ವೀಡಿಷ್ಷನ್ನು ಕುಕ್ಕರಿನ ಜೊತೆ ಆಡಿ ಸಾಕಾಗಿ ಹೋಗಿದ್ದೆ. ಆಗ ಊರಾಚೆಯ ಹಳೆಯ ಬಂಗಲೆಗೆ ಬೇಸಿಗೆಯಲ್ಲಿ ಒಬ್ಬ ಗೈಡ್ ಬೇಕಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಸಂಘದ ಅಧ್ಯಕ್ಷರು, "ಭಾನುವಾರ ಒಂದು ದಿನ ಮಾಡಿ ತೋರಿಸು, ಆಮೇಲೆ ನೋಡೋಣ," ಎಂದರು. ಆ ಕೆಲಸ ನನಗೆ ಬೇಕೇ ಬೇಕಿತ್ತು.

ಬಂಗಲೆಯ ಚರಿತ್ರೆಯನ್ನು ಬಾಯಿಪಾಠ ಮಾಡಿದೆ. ಮರದ ಮಿಲ್ಲು ನಡೆಸಲು ಬಂದ ಇಂಗ್ಲೆಂಡಿನ ಸಾಹೇಬ ತನ್ನೂರಿನ ಮಾದರಿಯಲ್ಲೇ ಕಟ್ಟಿಸಿದ್ದಂತೆ. ಅವನ ಹೆಂಡತಿ ಚಳಿಗೆ ಹೆದರಿ ಏಪ್ರಿಲ್‌ವರೆಗೂ ಹಾಸಿಗೆ ಬಿಟ್ಟೇಳುತ್ತಿರಲಿಲ್ಲವಂತೆ. ಪುಣ್ಯಾತ್ಗಿತ್ತಿ, ನನ್ನ ಪೈಕಿಯವಳೇ! ಮಗ ಲೈಬ್ರರಿಯಲ್ಲಿ ಹಂದಿ ಸಾಕಿದ. ಸೊಸೆ ಅದನ್ನು ಕ್ರಿಸ್‌ಮಸ್‌ಗೆ ಬೇಯಿಸಿದಳು. ಗಂಡ ಹೆಂಡತಿ ಮಾತು ಬಿಟ್ಟರು. ಕೊನೆಯವಳು ಮೊಮ್ಮಗಳು, ಮನೆಯನ್ನು ಪುರಸಭೆಗೆ ಮಾರಿದವಳು. ಐವರ ಚಿತ್ರಗಳೂ ಗೋಡೆಯ ಮೇಲಿದ್ದವು. ಮೊಮ್ಮಗಳದು ಕುದುರೆಯ ಪಕ್ಕ ನಿಂತ ಕಪ್ಪುಬಿಳುಪು ಫೋಟೋ.

ಶನಿವಾರ ಉತ್ಸಾಹ ಉಕ್ಕಿ, ತೋಟದ ಡೇಸಿ ಹೂ ಕಿತ್ತು ಕಟ್ಟಿ ಐವರಿಗೂ ಹಾರ ಹಾಕಿದೆ. ಗೋಡೆ ಏರಿದವರೆಲ್ಲ ತೀರಿಕೊಂಡವರೆಂದು ನಾನೇ ತೀರ್ಮಾನಿಸಿದ್ದೆ. ನಮ್ಮ ಮನೆಗಳಲ್ಲಿ ಹಾಗೇ ತಾನೇ? ಕರೆದೊಯ್ಯಲು ಬಂದ ನಮ್ಮವರು, "ಏನೇ, ಸಾಮೂಹಿಕ ತಿಥಿನಾ? ವಡೆ ಇದ್ಯಾ?" ಎಂದರು.

"ಬಾಯ್ಮುಚ್ಕೊಂಡು ದಾರ ಹಿಡ್ಕೊಳ್ರೀ," ಎಂದೆ.

ಭಾನುವಾರ ಜನ ಬಂದರು. ಮುಂದೆಯೇ ವಾಕರ್ ಹಿಡಿದು ನಿಂತಿದ್ದ ಅಜ್ಜಿಯೊಬ್ಬರು, "ಹೂವು ಚೆನ್ನಾಗಿದೆ. ಯಾಕೆ ಹಾಕಿದ್ದು?" ಎಂದು ಕೇಳಿದರು.

"ನಮ್ಮಲ್ಲಿ ತೀರಿಕೊಂಡೋರ ಫೋಟೋಗೆ ಹೀಗೆ ಹಾರ ಹಾಕಿ ಗೌರವಿಸ್ತೀವಿ," ಎಂದು ಬೀಗಿದೆ.

ಅಜ್ಜಿ ಕುದುರೆಯ ಫೋಟೋದತ್ತ ಬೆರಳು ತೋರಿಸಿದರು. "ಅದು ನಾನು."

ಅಧ್ಯಕ್ಷರ ಮುಖ ಬೀಟ್‌ರೂಟ್ ಆಗಿತ್ತು. ಕೆಲಸ ಗೋವಿಂದ ಎಂದುಕೊಂಡೆ. ನನ್ನ ಕೈ ಮಾತ್ರ ತಲೆಗಿಂತ ಚುರುಕು. ಫೋಟೋದ ಹಾರ ತೆಗೆದು ಅಜ್ಜಿಯ ಕೊರಳಿಗೆ ಹಾಕಿಬಿಟ್ಟಿತು. "ಬದುಕಿರೋರಿಗೆ ಇಲ್ಲಿ ಹಾಕ್ತೀವಿ," ಎಂದು ತೊದಲಿದೆ.

ಅಜ್ಜಿ ನಗಲಿಲ್ಲ, ಬೈಯಲೂ ಇಲ್ಲ. ಆಮೇಲೆ 'ಫೀಕಾ' ಎಂಬ ಇಲ್ಲಿನವರ ಕಾಫಿಕೂಟದಲ್ಲಿ ಕಾಫಿ, ಬನ್ನು ಮುಗಿಯುವವರೆಗೂ ಹಾರ ತೆಗೆಯಲಿಲ್ಲ. ಹೊರಡುವಾಗ ನನ್ನ ಕೈ ಹಿಡಿದುಕೊಂಡು, "ನನಗೆ ಮಕ್ಕಳಿಲ್ಲ. ಹಾರ ಗೋಡೆ ಮೇಲಿನ ಫೋಟೋಗೆ ಹಾಕೋ ದಿನ ಬಂದಾಗ ನೀನು ಇಲ್ಲಿರ್ತೀಯಾ?" ಎಂದು ಕೇಳಿದರು.

ನನಗೆ ಅಳುವೇ ಬಂತು. ಅಧ್ಯಕ್ಷರ ಮುಖ ನೋಡಿದೆ.

"ಇರ್ತಾಳೆ," ಎಂದರು ಅವರು.