ಪಾದರಸದ ಮನೆಯಲ್ಲಿ ಕೇಳಿದ ಕೂಗು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ಮೊದಲೆಲ್ಲ ಅವರ ಎದುರಿಗೇ ನಕ್ಕುಬಿಡುತ್ತಿದ್ದೆ. ನಾನು ಓದಿದ್ದು ರಸಾಯನಶಾಸ್ತ್ರ, ಕೆಲಸ ಮೈಸೂರಿನ ಒಂದು ಪ್ರಯೋಗಾಲಯದಲ್ಲಿ. ಮೀಟರಿನ ಮುಳ್ಳು ತೋರಿಸಿದ್ದನ್ನು ಬಿಟ್ಟು ಬೇರೇನನ್ನೂ ನಂಬಬೇಡಿ ಎಂದು ಜೊತೆಯವರಿಗೆ ಉಪದೇಶ ಮಾಡುತ್ತಿದ್ದವಳು. ಆದ್ದರಿಂದ ಈಗ ಬರೆಯುತ್ತಿರುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ಜನರ ಮೈಯಲ್ಲಿ, ನೀರಿನಲ್ಲಿ, ಮಣ್ಣಿನಲ್ಲಿ ಪಾದರಸ ಎಷ್ಟು ಸೇರಿದೆ ಎಂದು ಅಳೆಯುವ ಕೆಲಸ ನಮ್ಮ ಪಾಲಿಗೆ ಬಂದಿತ್ತು. ಗಂಜಾಂ ಬಳಿಯ ಕಾವೇರಿ ನೀರು, ತೊಣ್ಣೂರು ಕೆರೆಯ ಮೀನು, ಆ ಮೀನು ತಿನ್ನುವವರ ತಲೆಗೂದಲು, ಎಲ್ಲವನ್ನೂ ತುಂಬಿಕೊಂಡು ಜೀಪಿನಲ್ಲಿ ಓಡಾಡುತ್ತಿದ್ದೆವು. ಅವುಗಳಲ್ಲಿ ಗಾಬರಿಪಡುವಂಥದ್ದೇನೂ ಸಿಗಲಿಲ್ಲ. ಸಿಕ್ಕಿದ್ದು ನಾಗಮಂಗಲದ ಒಂದು ಮನೆಯಲ್ಲಿ.

ಆ ಮನೆಯ ನಂಜುಂಡಾಚಾರಿ ಕಂಚಿನ ವಿಗ್ರಹ ಮಾಡುವವರು. ಅಪರೂಪಕ್ಕೆ ಚಿನ್ನದ ಲೇಪದ ಕೆಲಸವೂ ಬರುತ್ತಿತ್ತು. ಚಿನ್ನವನ್ನು ಪಾದರಸದಲ್ಲಿ ಕಲಸಿ ವಿಗ್ರಹಕ್ಕೆ ಬಳಿದು ಕೆಂಡದ ಮೇಲೆ ಕಾಯಿಸುತ್ತಾರೆ. ಪಾದರಸ ಆವಿಯಾಗಿ ಹೋಗಿ ಚಿನ್ನ ಉಳಿಯುತ್ತದೆ. ಆ ಆವಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅವರ ಮಗಳು ಗೌರಿ ಇನ್ನೂ ಸಣ್ಣವಳು. ಅಂಗೈ ಅಂಗಾಲು ಕೆಂಪಾಗಿ ಸಿಪ್ಪೆ ಏಳುತ್ತಿತ್ತು, ಸದಾ ಬೆವರು, ಸದಾ ಅಳು. ಓಡಾಡಿಕೊಂಡಿದ್ದ ಮಗು ಎದ್ದು ನಿಲ್ಲುವುದನ್ನೂ ಬಿಟ್ಟಿತ್ತು. ತಾಯಿ ಸರೋಜಮ್ಮ ಮೇಲುಕೋಟೆಗೆ ಹರಕೆ ಹೊತ್ತಿದ್ದರು. ಮಗುವಿನ ಮೂತ್ರದಲ್ಲಿ ಪಾದರಸ ಕಂಡ ಕೂಡಲೇ ನಾವು ಲೇಪದ ಕೆಲಸ ನಿಲ್ಲಿಸಲು ಹೇಳಿದೆವು. ಆಚಾರಿ ಆವತ್ತೇ ನಿಲ್ಲಿಸಿದರು. ಆದರೆ ಮುಂದಿನ ಪರೀಕ್ಷೆಯಲ್ಲಿ ಪಾದರಸ ಇಳಿಯುವ ಬದಲು ಏರಿತ್ತು.

ಹಾಗಾಗಿ ಗಾಳಿಯಲ್ಲಿರುವ ಪಾದರಸವನ್ನು ಅಳೆಯುವ ಮೀಟರು ತೆಗೆದುಕೊಂಡು ಮತ್ತೆ ಹೋದೆ. ಜೊತೆಗೆ ಇದ್ದವರು ಜೀಪಿನ ಚಾಲಕ ಬೋರೇಗೌಡರೊಬ್ಬರೇ. ಬೆಳಿಗ್ಗೆಯೆಲ್ಲ ಹಿತ್ತಿಲಿನ ಕೆಲಸದ ಕೊಟ್ಟಿಗೆ, ಬಚ್ಚಲು, ಅಡುಗೆಮನೆ, ನಡುಮನೆ ಎಂದು ಸುತ್ತಿದೆ. ಮುಳ್ಳು ಎಲ್ಲೂ ಹೇಳಿಕೊಳ್ಳುವ ಹಾಗೆ ಅಲ್ಲಾಡಲಿಲ್ಲ. ಹೊರಟು ನಿಂತಾಗ ಸರೋಜಮ್ಮ ಬಾಗಿಲವರೆಗೆ ಬಂದರು.

"ಇನ್ನೆಲ್ಲೂ ನೋಡಕಿಲ್ವಾ ಮೇಡಮ್ಮೋರೆ?"

ಎಲ್ಲ ಕಡೆ ನೋಡಿಯಾಯಿತು ಎಂದೆ. ಅವರು ಒಲೆ ಹಚ್ಚಲು ಒಳಗೆ ಹೋದರು. ಬೋರೇಗೌಡರು ಆಗಲೇ ಜೀಪಿನ ಹತ್ತಿರವಿದ್ದರು. ನಾನು ಜಗಲಿಯ ಮೇಲೆ ಕೂತು, ಮೀಟರನ್ನು ಇನ್ನೂ ಆರಿಸದೆ, ಹಾಗೇ ಕೈಯಲ್ಲಿ ಹಿಡಿದು ಯೋಚಿಸುತ್ತಿದ್ದೆ.

ಎಷ್ಟೋ ಹೊತ್ತಿನ ಮೇಲೆ ಒಳಗಿನಿಂದ ಯಾರೋ ಕೂಗಿದರು. "ಉಣ್ಸೇಬೀಜಾ..."

ಅದು ನನ್ನ ಅವ್ವನ ದನಿ. ಹುಟ್ಟಿದಾಗ ಹುಣಸೆಬೀಜದ ಹಾಗೆ ಕಪ್ಪಗೆ ಮಿರಮಿರ ಮಿಂಚುತ್ತಿದ್ದೆನಂತೆ, ಅದಕ್ಕೆ ಅವ್ವ ಇಟ್ಟ ಹೆಸರು. ನಾನು ದೊಡ್ಡವಳಾದ ಮೇಲೆ ತೊಣ್ಣೂರಿನ ನಮ್ಮ ಮನೆಯ ಹೊಸ್ತಿಲು ದಾಟಿ ಆ ಹೆಸರು ಹೊರಗೆ ಬಂದಿದ್ದಿಲ್ಲ. ಚಿಕ್ಕವಳಿದ್ದಾಗ ಕರೆದರೆ ಹೇಗೆ ಎದ್ದು ಹೋಗುತ್ತಿದ್ದೆನೋ ಹಾಗೇ ಎದ್ದು ಒಳಗೆ ಹೋದೆ. ನಡುಮನೆಯಲ್ಲಿ ಯಾರೂ ಇರಲಿಲ್ಲ. ಗೋಡೆ ಪಕ್ಕದ ಚಾಪೆಯ ಮೇಲೆ ಗೌರಿ ಮಲಗಿತ್ತು. ಮಗುವೇನಾದರೂ ಕೂಗಿತೇ ಎಂದು ಅದರ ಪಕ್ಕದಲ್ಲಿ ಕೂತು ಬಗ್ಗಿ ನೋಡಿದೆ. ಕೈಯಲ್ಲಿದ್ದ ಮೀಟರು ನೆಲಕ್ಕೆ ತಾಗಿತು. ಮುಳ್ಳು ಒಂದೇ ಏಟಿಗೆ ಆ ತುದಿಗೆ ಹೋಗಿ ಅಲ್ಲೇ ನಿಂತುಬಿಟ್ಟಿತು.

ಮಗುವನ್ನು ಬಾಚಿ ಎತ್ತಿಕೊಂಡೆ. ಅಷ್ಟರಲ್ಲಿ ಬೋರೇಗೌಡರು ಚಪ್ಪಲಿಯನ್ನೂ ಬಿಡದೆ ಒಳಗೆ ಓಡಿಬಂದರು. ಮುಖ ಬಿಳಿಚಿಕೊಂಡಿತ್ತು.

"ಯಾರು ಮೇಡಮ್ಮೋರೆ, ಉಣ್ಸೆಬೀಜ ಅಂತ ಕೂಗಿದ್ದು?"

ಅಡುಗೆಮನೆಯಿಂದ ಬಂದ ಸರೋಜಮ್ಮ ತಮಗೇನೂ ಕೇಳಿಸಲಿಲ್ಲ, ಆ ಹೆಸರಿನವರು ಈ ಮನೆಯಲ್ಲಿ ಯಾರೂ ಇಲ್ಲ ಎಂದರು.

ಆ ಮಧ್ಯಾಹ್ನವೇ ಆಚಾರಿ ಹಾರೆ ಹಾಕಿ ಅಲ್ಲಿನ ಗಾರೆ ಎಬ್ಬಿಸಿದರು. ಕೆಳಗೆ ಹಳೆಯ ಇದ್ದಿಲು, ಲೋಹ ಕರಗಿಸುವ ಮೂಸೆಗಳ ಚೂರು. ಇನ್ನೊಂದು ಏಟು ಹಾಕಿದಾಗ ಮಣ್ಣಿನೊಳಗಿಂದ ಬೆಳ್ಳಿಯಂಥ ಹನಿಗಳು ಪಳಪಳನೆ ಉರುಳಿ ಗುಂಡಿಗೆ ಇಳಿದವು. ಆಚಾರಿ ಹಾರೆ ಬಿಟ್ಟು ಹಿಂದೆ ಸರಿದರು. ಅವರ ತಾತ ಲೇಪದ ಒಲೆ ಹೂಡಿದ್ದ ಜಾಗವಂತೆ ಅದು. ಇವರು ಹುಟ್ಟುವ ಮೊದಲೇ ಮುಚ್ಚಿ ನೆಲ ಮಾಡಿದ್ದರು, ಇವರಿಗೆ ಗೊತ್ತೇ ಇರಲಿಲ್ಲ. ಗೋಡೆಯ ಆಚೆ ಬದಿಗೆ ಅಡುಗೆಯ ಒಲೆ. ಅದು ಉರಿದಾಗಲೆಲ್ಲ ನೆಲ ಕಾದು, ಗೋಡೆಯ ಬುಡದ ಬಿರುಕಿನಿಂದ ಆವಿ ಏಳುತ್ತಿತ್ತು. ಬೆಳಿಗ್ಗೆ ನಾನು ನೋಡಿದಾಗ ಒಲೆ ಆರಿತ್ತು, ಮೇಲಾಗಿ ನಾನು ನಿಂತುಕೊಂಡು ಅಳೆದಿದ್ದೆ. ಇಷ್ಟಕ್ಕೆಲ್ಲ ವಿವರಣೆ ಇದೆ. ಮಗುವನ್ನು ಅಂದೇ ಕೆ.ಆರ್. ಪೇಟೆಗೆ, ಸರೋಜಮ್ಮನ ತವರಿಗೆ ಕಳಿಸಿದರು. ಚಿಕಿತ್ಸೆ ಬಹಳ ಕಾಲ ನಡೆಯಿತು. ಮುಂದೆ ನಾನು ನೋಡಲು ಹೋದಾಗ ಗೌರಿ ಅಂಗಳದಲ್ಲಿ ಕೋಳಿ ಓಡಿಸಿಕೊಂಡು ಹೋಗುತ್ತಿದ್ದಳು.

ವಿವರಣೆ ಇಲ್ಲದ್ದು ಆ ಕೂಗಿಗೆ. ಅಂದು ವಾಪಸ್ಸು ಬರುವಾಗ ತೊಣ್ಣೂರಿಗೆ ಹೋಗಿ ಅವ್ವನನ್ನು ಕೇಳಲೇಬೇಕೆನಿಸಿತು. ಅವ್ವ ಕೆನ್ನೆ ಊದಿಸಿಕೊಂಡು ಮೂಲೆಯಲ್ಲಿ ಕೂತಿದ್ದಳು. ಬೆಳಿಗ್ಗೆ ಪಾಂಡವಪುರದಲ್ಲಿ ಹಲ್ಲು ಕೀಳಿಸಿಕೊಂಡು ಬಂದಿದ್ದಳಂತೆ. ಬಾಯಿ ತುಂಬ ಹತ್ತಿ. ಆಗಿನಿಂದ ಒಂದು ಮಾತೂ ಆಡಿಲ್ಲವೆಂದು ಅಣ್ಣ ಹೇಳಿದ. ನಾನು ನಡೆದದ್ದನ್ನು ಹೇಳುತ್ತಾ ಹೋದಂತೆ ಅವ್ವ ನನ್ನ ಮುಖವನ್ನೇ ನೋಡುತ್ತಿದ್ದು, ಕೊನೆಗೆ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

ಬೋರೇಗೌಡರು ಆ ಮಾತನ್ನು ಮತ್ತೆ ಎತ್ತಲಿಲ್ಲ. ನಾನು ಕೆದಕಿದರೂ ಬೇರೆ ಮಾತಿಗೆ ಹೊರಳುತ್ತಿದ್ದರು. ಅವರು ನಿವೃತ್ತರಾಗಿ ಎಷ್ಟೋ ಕಾಲದ ಮೇಲೆ ಶ್ರೀರಂಗಪಟ್ಟಣದ ಬಸ್ ನಿಲ್ದಾಣದಲ್ಲಿ ಸಿಕ್ಕರು. ಕುಶಲ ವಿಚಾರಿಸಿದ ಮೇಲೆ ನಾನೇ ಕೇಳಿದೆ, ಆವತ್ತು ನಮ್ಮವ್ವನ ದನಿ ನಿಮಗೂ ಕೇಳಿಸಿತಲ್ಲ ಎಂದು.

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು.

"ಎಂಗಸಿನ ದನಿ ಅಲ್ಲ ಕಣ್ರವ್ವ, ಗಂಡಸಿನ ದನಿ. ನಮ್ಮಪ್ಪಂದು. ಅದ್ಕೇ ನಾನು ಅಂಗೆ ಓಡ್ಬಂದದ್ದು. ನಮ್ಮಪ್ಪ ತೀರೋಗಿ ಆಗ್ಲೇ ಎಷ್ಟೋ ವರ್ಸ ಆಗಿತ್ತು."

ಅವರ ಬಸ್ಸು ಬಂತು, ಹತ್ತಿ ಹೊರಟುಹೋದರು. ನಾನು ಹತ್ತಬೇಕಾಗಿದ್ದ ಬಸ್ಸೂ ಬಂದು, ಜನರನ್ನು ತುಂಬಿಕೊಂಡು, ನನ್ನ ಮುಂದೆಯೇ ಹೋಯಿತು. ನಾನು ನಿಂತೇ ಇದ್ದೆ.